ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕವನ್ನು ಮುಕ್ತ ತಂತ್ರಾಂಶಗಳಿಂದ ಪಠ್ಯವಾಗಿಸುವ ಕ್ರಮ

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಈಗ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಪುಟಗಳ ಛಾಯಾಚಿತ್ರಗಳಷ್ಟೇ ಆಗಿರುವುದರಿಂದ ಒಂದು ಪದವನ್ನು ಹುಡುಕುವುದಕ್ಕಾಗಲಿ, ಒಂದು ಪದ್ಯವನ್ನು ಎತ್ತಿ ಬರೆದುಕೊಳ್ಳುವುದಕ್ಕಾಗಲಿ, ದೃಷ್ಟಿಯಿಲ್ಲದವರು ತೆರೆ ಓದುವ ತಂತ್ರಾಂಶದಿಂದ ಓದಿಸಿಕೊಂಡು ಕೇಳುವುದಕ್ಕಾಗಲಿ ಒದಗುವುದಿಲ್ಲ. ಇಂಥ ಪುಸ್ತಕವನ್ನು ಯುನಿಕೋಡ್ ಪಠ್ಯವಾಗಿಸಲು ಬೇಕಾದ ಪ್ರತಿಯೊಂದು ಉಪಕರಣವೂ ಮುಕ್ತ ತಂತ್ರಾಂಶವಾಗಿ ಲಭ್ಯವಿದೆ. ಲಿನಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪಿನಲ್ಲೇ ಕೆಲಸ ನಡೆಯುತ್ತದೆ. ಆ ಉಪಕರಣಗಳನ್ನು ಒಂದಕ್ಕೊಂದು ಜೋಡಿಸಿ, ಸ್ಕ್ಯಾನ್ ಕಡತದಿಂದ ಹಿಡಿದು ಕರಡು ತಿದ್ದಲು ಸಿದ್ಧವಾದ ಪಠ್ಯದವರೆಗಿನ ದಾರಿಯನ್ನು ಒಂದೇ ಆಜ್ಞೆಗೆ ಒಳಪಡಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇನೆ. ಆಜ್ಞೆಗಳ ಹೆಸರನ್ನು ಓದಿಗೆ ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಸ್ವಯಂಚಾಲನೆಯೆಂದರೆ ವೇಗ ಎಂದೇ ಹಲವರು ಭಾವಿಸುತ್ತಾರೆ. ವೇಗ ಸಿಗುವುದು ನಿಜವಾದರೂ ನಾನು ಅದನ್ನು ಇಷ್ಟಪಡುವುದಕ್ಕೆ ಕಾರಣಗಳು ಬೇರೆ. ಒಮ್ಮೆ ಸರಿಯಾಗಿ ಬರೆದಿಟ್ಟ ಸ್ಕ್ರಿಪ್ಟು, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದ ಕಡತ, ಮುನ್ನೂರನೆಯ ಪುಟವನ್ನೂ ಮೊದಲ ಪುಟದಷ್ಟೇ ಶ್ರದ್ಧೆಯಿಂದ ನೋಡುತ್ತದೆ. ಏನು ಮಾಡಿದೆವು, ಯಾವ ಕ್ರಮದಲ್ಲಿ ಮಾಡಿದೆವು ಎಂಬುದು ಸ್ಕ್ರಿಪ್ಟಿನಲ್ಲೇ ಬರೆದಿರುವುದರಿಂದ ಇನ್ನೊಬ್ಬರು ಅದನ್ನು ಓದಿ, ತಪ್ಪಿದ್ದರೆ ತೋರಿಸಿ, ತಮ್ಮ ಪುಸ್ತಕಕ್ಕೂ ಬಳಸಿಕೊಳ್ಳಬಹುದು. ನಾಳೆ ಅಕ್ಷರ ಗುರುತಿಸುವ ಇನ್ನೂ ಒಳ್ಳೆಯ ಮಾದರಿ ಬಂದರೆ ಇಡೀ ಕೆಲಸವನ್ನು ಮೊದಲಿನಿಂದ ಮತ್ತೆ ಓಡಿಸಬಹುದು. ಮನುಷ್ಯನ ಕಣ್ಣು ಮಾತ್ರ ತೀರ್ಮಾನಿಸಬಲ್ಲ ಜಾಗಗಳಿಗೆ ಆ ಕಣ್ಣನ್ನು ಮೀಸಲಿಡಬೇಕು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಅದಕ್ಕಾಗಿಯೇ ಇದೆ.

ಪುಸ್ತಕದ ಆಯ್ಕೆ

ಮೊದಲು ಕೃತಿಸ್ವಾಮ್ಯವನ್ನು ನೋಡಿಕೊಳ್ಳಬೇಕು. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕು ಉಳಿದಿರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡದ್ದರಿಂದ ಅವರ ಜೀವಿತಕಾಲದಲ್ಲಿ ಅಚ್ಚಾದ ಬರಹಗಳು ಸಾರ್ವಜನಿಕ ಸ್ವತ್ತಾಗಿ ಬಹಳ ಕಾಲವಾಯಿತು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಹಕ್ಕು ಇದೆ. ಲೇಖಕರ ನಿಧನಾನಂತರ ಮೊದಲ ಬಾರಿಗೆ ಪ್ರಕಟವಾದ ಕೃತಿಗಳಿಗೆ 60 ವರ್ಷಗಳ ಲೆಕ್ಕ ಪ್ರಕಟಣೆಯಿಂದ ಶುರುವಾಗುತ್ತದೆ ಎಂಬುದನ್ನೂ, ಹಳೆಯ ಕೃತಿಗೆ ಹೊಸದಾಗಿ ಬರೆದ ಮುನ್ನುಡಿ ಮತ್ತು ಟಿಪ್ಪಣಿಗಳ ಹಕ್ಕು ಬೇರೆಯೇ ಎಂಬುದನ್ನೂ ಮರೆಯಬಾರದು.

ಸ್ಥಾಪನೆ ಮತ್ತು ಕಡತಗಳ ವ್ಯವಸ್ಥೆ

ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ಇದ್ದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್, ಅದರ ಕನ್ನಡ ಭಾಷಾ ಪ್ಯಾಕೇಜ್, ಪಿಡಿಎಫ್‌ನಿಂದ ಪುಟಗಳನ್ನು ಹೊರತೆಗೆಯುವ ಪಾಪ್ಲರ್ ಉಪಕರಣಗಳು, ಚಿತ್ರಗಳನ್ನು ಕತ್ತರಿಸುವ ಇಮೇಜ್‌ಮ್ಯಾಜಿಕ್, ಹೆಜ್ಜೆಗಳನ್ನು ಕ್ರಮವಾಗಿ ಓಡಿಸುವ ಗ್ನೂ ಮೇಕ್, ಬದಲಾವಣೆಗಳ ದಾಖಲೆ ಇಡುವ ಗಿಟ್ ಮತ್ತು ಸ್ಕ್ರಿಪ್ಟು ಬರೆಯುವ ಭಾಷೆಯಾದ ಪೈಥಾನ್ ಇವಿಷ್ಟನ್ನು ಪ್ಯಾಕೇಜ್ ವ್ಯವಸ್ಥೆಯಿಂದಲೇ ಹಾಕಿಕೊಳ್ಳಬಹುದು. ಭಾಷಾ ಪ್ಯಾಕೇಜನ್ನು ಬಿಟ್ಟರೆ ಟೆಸರಾಕ್ಟ್ ಕನ್ನಡವನ್ನು ಓದಲಾರದು. ಆದ್ದರಿಂದ ಲಭ್ಯವಿರುವ ಭಾಷೆಗಳ ಪಟ್ಟಿ ಕೇಳಿ, ಅದರಲ್ಲಿ ಕೆ-ಎ-ಎನ್ ಎಂಬ ಸಂಕೇತ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪುಸ್ತಕಕ್ಕೊಂದು ಫೋಲ್ಡರ್ ಮಾಡಿ, ಅದರೊಳಗೆ ಮೂಲ, ಚಿತ್ರ, ಯಂತ್ರ, ಶುದ್ಧ, ಕರಡು ಎಂಬ ಐದು ಒಳಫೋಲ್ಡರ್‌ಗಳನ್ನು ಇಡಿ. ಲಿನಕ್ಸ್‌ನಲ್ಲಿ ಕನ್ನಡದ ಹೆಸರುಗಳು ತೊಂದರೆ ಕೊಡುವುದಿಲ್ಲ. ಆದರೆ ಮೇಕ್‌ಗೆ ಖಾಲಿಜಾಗವಿರುವ ಹೆಸರು ಆಗಿಬರುವುದಿಲ್ಲವಾದ್ದರಿಂದ ಒಂದೇ ಪದದ ಹೆಸರುಗಳನ್ನೇ ಇಡಬೇಕು. ಮೂಲದಲ್ಲಿ ಸ್ಕ್ಯಾನ್ ಕಡತ ಮಾತ್ರ ಇರುತ್ತದೆ. ಅದನ್ನು ಓದಲಷ್ಟೇ ಬರುವಂತೆ ಅನುಮತಿ ಬದಲಿಸಿಬಿಡುವುದು ಒಳ್ಳೆಯದು. ಚಿತ್ರದಲ್ಲಿ ಬಿಡಿ ಪುಟಗಳು, ಯಂತ್ರದಲ್ಲಿ ಟೆಸರಾಕ್ಟ್ ಓದಿದ್ದು ಓದಿದ ಹಾಗೆಯೇ, ಶುದ್ಧದಲ್ಲಿ ನಿಯಮಗಳ ಮೂಲಕ ಸರಿಪಡಿಸಿದ್ದು, ಕರಡಿನಲ್ಲಿ ಮನುಷ್ಯರು ತಿದ್ದಿದ್ದು ಇರುತ್ತವೆ. ಯಂತ್ರ ಬರೆಯುವ ಜಾಗದಲ್ಲಿ ಮನುಷ್ಯ ಬರೆಯಬಾರದು, ಮನುಷ್ಯ ಬರೆಯುವ ಜಾಗದಲ್ಲಿ ಯಂತ್ರ ಬರೆಯಬಾರದು. ಈ ಕಟ್ಟಳೆಯನ್ನು ಮುರಿದರೆ ಮರುದಿನ ಸ್ಕ್ರಿಪ್ಟು ಮತ್ತೆ ಓಡಿದಾಗ ಹಿಂದಿನ ದಿನದ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ.

ಚಿತ್ರಗಳು

ಪಿಡಿಎಫ್‌ನೊಳಗಿರುವ ಚಿತ್ರಗಳ ಗಾತ್ರ ಮತ್ತು ಸಾಂದ್ರತೆಯನ್ನು ಪಾಪ್ಲರ್‌ನ ಪಿಡಿಎಫ್‌ಇಮೇಜಸ್ ಆಜ್ಞೆ ಪಟ್ಟಿ ಮಾಡಿ ತೋರಿಸುತ್ತದೆ. ಅಂಗುಲಕ್ಕೆ 300 ಚುಕ್ಕೆಗಳ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಪ್ರತಿ ಪುಟವೂ ಒಂದೇ ಚಿತ್ರವಾಗಿದ್ದರೆ ಅದೇ ಆಜ್ಞೆಯಿಂದ ಚಿತ್ರಗಳನ್ನು ಇದ್ದ ಹಾಗೆ ಹೊರತೆಗೆಯಬಹುದು. ಪುಟ ಹಲವು ತುಣುಕುಗಳಾಗಿದ್ದರೆ ಪಿಡಿಎಫ್‌ಟುಪಿಪಿಎಂ ಆಜ್ಞೆಗೆ 300ರ ಸಾಂದ್ರತೆ, ಬೂದುಬಣ್ಣ, ಪಿಎನ್‌ಜಿ ಎಂಬ ಮೂರು ಆಯ್ಕೆಗಳನ್ನು ಕೊಟ್ಟು ಪುಟಗಳನ್ನು ರೂಪಿಸಿಕೊಳ್ಳಬೇಕು. ಒಂದೇ ಚಿತ್ರದಲ್ಲಿ ಎರಡು ಪುಟಗಳು ಸೇರಿದ್ದರೆ, ಸಾಲುಗಳು ವಾಲಿದ್ದರೆ, ಅಂಚಿನಲ್ಲಿ ಕಪ್ಪು ಪಟ್ಟಿಯಿದ್ದರೆ ಸ್ಕ್ಯಾನ್‌ಟೈಲರ್ ಎಂಬ ತಂತ್ರಾಂಶ ಇವೆಲ್ಲವನ್ನೂ ಅಚ್ಚುಕಟ್ಟಾಗಿ ಸರಿಪಡಿಸುತ್ತದೆ. ಪುಟದ ಮೇಲ್ಭಾಗದ ಅಧ್ಯಾಯದ ಹೆಸರನ್ನೂ ಪುಟಸಂಖ್ಯೆಯನ್ನೂ ಅಲ್ಲಿಯೇ ಹೊರಗಿಟ್ಟರೆ ಮುಂದೆ ಪಠ್ಯದ ನಡುವೆ ಅವು ಬಂದು ಸೇರಿಕೊಳ್ಳುವುದು ತಪ್ಪುತ್ತದೆ.

ಕನ್ನಡದ ಮಟ್ಟಿಗೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಥ ತಂತ್ರಾಂಶಗಳಲ್ಲಿ ಚಿಕ್ಕ ಚುಕ್ಕೆಗಳನ್ನು ಕಸವೆಂದು ತೆಗೆದುಹಾಕುವ ಸೌಲಭ್ಯ ಇರುತ್ತದೆ. ಇಂಗ್ಲಿಷ್ ಪುಟದಲ್ಲಿ ಅದು ಅಷ್ಟೇನೂ ಹಾನಿ ಮಾಡದು. ಕನ್ನಡದಲ್ಲಾದರೋ ದಕಾರದ ಹೊಟ್ಟೆ ಸೀಳಿ ಧಕಾರ ಮಾಡುವ, ಬಕಾರವನ್ನು ಭಕಾರ ಮಾಡುವ ಗೆರೆ ಬಹಳ ಸಣ್ಣದು, ಮತ್ತು ಹಳೆಯ ಅಚ್ಚುಮೊಳೆಗಳಲ್ಲಿ ಅದು ಅಕ್ಷರದಿಂದ ಬಿಡಿಯಾಗಿ ನಿಂತಿರುವುದೂ ಉಂಟು. ಶುದ್ಧೀಕರಣದ ಪ್ರಮಾಣವನ್ನು ಹೆಚ್ಚಿಸಿದಷ್ಟೂ ಮಹಾಪ್ರಾಣಗಳು ಅಲ್ಪಪ್ರಾಣಗಳಾಗಿ ಹೋಗುತ್ತವೆ. ‘ಧನ’ ಎಂಬುದು ‘ದನ’ವಾದರೆ ಎರಡೂ ಸರಿಯಾದ ಪದಗಳೇ ಆಗಿರುವುದರಿಂದ ಮುಂದಿನ ಯಾವ ಪರೀಕ್ಷೆಯೂ ಆ ದೋಷವನ್ನು ಹಿಡಿಯಲಾರದು. ಆದ್ದರಿಂದ ಈ ಸೌಲಭ್ಯವನ್ನು ನಿಲ್ಲಿಸಿಡುವುದೇ ಲೇಸು. ಪುಟವನ್ನು ಅಪ್ಪಟ ಕಪ್ಪು-ಬಿಳುಪಿಗೆ ತಿರುಗಿಸುವ ಅಗತ್ಯವೂ ಇಲ್ಲ. ಬೂದುಬಣ್ಣದ ಚಿತ್ರ ಕೊಟ್ಟರೆ ಟೆಸರಾಕ್ಟ್ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಅಕ್ಷರ ಗುರುತಿಸುವಿಕೆ

ಟೆಸರಾಕ್ಟ್ 1985ರಿಂದ 1994ರ ನಡುವೆ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಪ್ರಯೋಗಾಲಯಗಳಲ್ಲಿ ಬೆಳೆದು, ಅನಂತರ ಸುಮಾರು ಹತ್ತು ವರ್ಷ ಮೂಲೆಗೆ ಬಿದ್ದಿದ್ದ ತಂತ್ರಾಂಶ. 2005ರಲ್ಲಿ ಅದರ ಆಕರ ಸಂಕೇತವನ್ನು ಮುಕ್ತಗೊಳಿಸಲಾಯಿತು, 2006ರಿಂದ ಗೂಗಲ್ ಅದರ ಅಭಿವೃದ್ಧಿಗೆ ಪ್ರಾಯೋಜಕತ್ವ ನೀಡಿತು. ಆಕರ ಸಂಕೇತ ಹಾಗೆ ಮುಕ್ತವಾಗದೆ ಕಂಪನಿಯ ಬೀಗದೊಳಗೇ ಉಳಿದಿದ್ದರೆ ಕನ್ನಡಕ್ಕೆ ಅದು ಎಂದೂ ದಕ್ಕುತ್ತಿರಲಿಲ್ಲ. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಉದಾಹರಣೆಗಳಿಂದ ಕಲಿಯುವ ನರಜಾಲದ ವಿಧಾನವನ್ನು ತಂದಿತು: ಒಂದೊಂದೇ ಅಕ್ಷರವನ್ನು ಕತ್ತರಿಸಿ ಗುರುತಿಸುವ ಬದಲು ಇಡೀ ಸಾಲನ್ನು ಒಟ್ಟಾಗಿ ಓದುತ್ತದೆ. ಒತ್ತಕ್ಷರ ಕೆಳಗೆ ಇಳಿದು, ಅರ್ಕಾವತ್ತು ಬಲಕ್ಕೆ ಸರಿದು, ದೀರ್ಘದ ಚಿಹ್ನೆ ಬೇರೆಯಾಗಿ ನಿಲ್ಲುವ ನಮ್ಮ ಲಿಪಿಗೆ ಈ ಬದಲಾವಣೆಯಿಂದ ಆದ ಲಾಭ ದೊಡ್ಡದು.

ಅಕ್ಷರ ಗುರುತಿಸಲು ಹೀಗೆ ತರಬೇತಾದ ಕನ್ನಡದ ಮಾದರಿ ವೇಗದ್ದು ಮತ್ತು ಉತ್ಕೃಷ್ಟವಾದದ್ದು ಎಂಬ ರೂಪಗಳಲ್ಲಿ ಸಿಗುತ್ತದೆ. ಪ್ಯಾಕೇಜ್ ವ್ಯವಸ್ಥೆಯಿಂದ ಸಾಮಾನ್ಯವಾಗಿ ಬರುವುದು ವೇಗದ್ದು. ಪುಸ್ತಕದ ಕೆಲಸಕ್ಕೆ ಉತ್ಕೃಷ್ಟ ಮಾದರಿಯನ್ನು ಟೆಸರಾಕ್ಟ್ ಯೋಜನೆಯ ಭಂಡಾರದಿಂದ ತಂದಿಟ್ಟುಕೊಂಡು, ಅದರ ಫೋಲ್ಡರನ್ನು ಆಜ್ಞೆಯಲ್ಲಿ ಸೂಚಿಸಿ ಎಂದು ಸಲಹೆ ಕೊಡುತ್ತೇನೆ. ನಿಧಾನವಾಗುತ್ತದೆ ನಿಜ, ಆದರೆ ರಾತ್ರಿಯಿಡೀ ಓಡಲು ಬಿಟ್ಟ ಯಂತ್ರಕ್ಕೆ ಅವಸರವೇನಿಲ್ಲ. ಆಜ್ಞೆಯಲ್ಲಿ ಭಾಷೆ, ಪುಟವಿನ್ಯಾಸದ ಸಂಖ್ಯೆ ಮತ್ತು ಬೇಕಾದ ಕಡತದ ಬಗೆ ಇವನ್ನು ಹೇಳಬೇಕು. ಪುಟವಿನ್ಯಾಸಕ್ಕೆ 3 ಎಂಬುದು ಪೂರ್ವನಿಗದಿತ ಸಂಖ್ಯೆ. ಒಂದೇ ಅಂಕಣದ ಗದ್ಯಕ್ಕೆ 4 ಅಥವಾ 6ನ್ನು ಕೊಟ್ಟು ಹತ್ತಾರು ಪುಟಗಳ ಮೇಲೆ ಹೋಲಿಸಿ ನೋಡಿ ನಿರ್ಧರಿಸುವುದು ಉತ್ತಮ. ಪುಸ್ತಕದಲ್ಲಿ ಇಂಗ್ಲಿಷ್ ಪದಗಳು ನಿಜವಾಗಿಯೂ ಇದ್ದರೆ ಮಾತ್ರ ಎರಡನೆಯ ಭಾಷೆಯಾಗಿ ಇಂಗ್ಲಿಷನ್ನು ಸೇರಿಸಿ, ಇಲ್ಲದಿದ್ದರೆ ಮಸುಕಾದ ಕನ್ನಡ ಅಕ್ಷರಗಳನ್ನೂ ಅದು ಇಂಗ್ಲಿಷಾಗಿ ಓದಲು ನೋಡುತ್ತದೆ. ಪಠ್ಯದ ಜೊತೆಗೆ ಟಿಎಸ್‌ವಿ ಬಗೆಯ, ಅಂದರೆ ಟ್ಯಾಬ್‌ಗಳಿಂದ ಅಂಕಣಗಳಾಗಿ ಬೇರ್ಪಟ್ಟ, ಕಡತವನ್ನೂ ಕೇಳಲು ಮರೆಯಬೇಡಿ. ಅದರ ಉಪಯೋಗ ಮುಂದೆ ಬರುತ್ತದೆ.

ಎಲ್ಲವನ್ನೂ ಮೇಕ್‌ಗೆ ಒಪ್ಪಿಸುವುದು

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಇಂದಿಗೂ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ‘ಯಂತ್ರ ಫೋಲ್ಡರಿನ ಪಠ್ಯ ಕಡತವು ಅದೇ ಸಂಖ್ಯೆಯ ಚಿತ್ರ ಕಡತದಿಂದ ಹುಟ್ಟುತ್ತದೆ, ಹುಟ್ಟಿಸುವ ಆಜ್ಞೆ ಇದು’ ಎಂದು ಒಂದು ನಿಯಮ, ‘ಶುದ್ಧ ಫೋಲ್ಡರಿನ ಕಡತವು ಯಂತ್ರದ ಕಡತದಿಂದಲೂ ನಿಯಮಗಳ ಸ್ಕ್ರಿಪ್ಟಿನಿಂದಲೂ ಹುಟ್ಟುತ್ತದೆ’ ಎಂದು ಇನ್ನೊಂದು ನಿಯಮ ಬರೆದರೆ ಸಾಕು, ಯಾವುದು ಹಳೆಯದಾಗಿದೆ, ಯಾವುದನ್ನು ಮತ್ತೆ ಮಾಡಬೇಕು ಎಂಬ ಲೆಕ್ಕವನ್ನು ಕಡತಗಳ ಸಮಯ ನೋಡಿ ಅದೇ ಹಾಕಿಕೊಳ್ಳುತ್ತದೆ. ಒಂದು ಪುಟದ ಚಿತ್ರವನ್ನು ಸರಿಪಡಿಸಿದರೆ ಆ ಪುಟ ಮಾತ್ರ ಮರಳಿ ಓದಲ್ಪಡುತ್ತದೆ. ನಿಯಮಗಳ ಸ್ಕ್ರಿಪ್ಟನ್ನು ಬದಲಿಸಿದರೆ ಚಿತ್ರಗಳನ್ನು ಮುಟ್ಟದೆ ಶುದ್ಧೀಕರಣವಷ್ಟೇ ಮತ್ತೆ ನಡೆಯುತ್ತದೆ. ಸ್ಕ್ರಿಪ್ಟನ್ನೂ ಅವಲಂಬನೆಗಳ ಪಟ್ಟಿಯಲ್ಲಿ ಸೇರಿಸಬೇಕೆನ್ನುವುದು ಇದಕ್ಕಾಗಿಯೇ.

ಮೇಕ್ ಕಡತದಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಖಾಲಿಜಾಗಗಳು ನಡೆಯುವುದಿಲ್ಲ. ಕರೆಂಟು ಹೋಗಿ ಕೆಲಸ ನಡುವೆ ನಿಂತರೆ ಅರ್ಧ ಬರೆದ ಕಡತ ಉಳಿದು, ಮುಂದಿನ ಬಾರಿ ಅದು ಪೂರ್ಣವಾಗಿದೆಯೆಂದೇ ಮೇಕ್ ನಂಬುತ್ತದೆ. ಹಾಗಾಗದಂತೆ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಿಸುವ ಆಜ್ಞೆಯನ್ನು ನಿಯಮದಲ್ಲೇ ಇಡಿ. ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿದ್ದರೆ ಮೇಕ್‌ನ ಜೆ ಆಯ್ಕೆಗೆ 4 ಎಂದು ಕೊಟ್ಟು ನಾಲ್ಕು ಪುಟಗಳನ್ನು ಒಟ್ಟಿಗೇ ಓಡಿಸಬಹುದು. ಆದರೆ ಟೆಸರಾಕ್ಟ್ ಕೂಡ ತನ್ನೊಳಗೆ ಹಲವು ಎಳೆಗಳಲ್ಲಿ ಕೆಲಸ ಮಾಡುವುದರಿಂದ ಎರಡೂ ಸೇರಿ ಒಂದನ್ನೊಂದು ತಳ್ಳಾಡುತ್ತವೆ. ಓಎಂಪಿ ಥ್ರೆಡ್ ಲಿಮಿಟ್ ಎಂಬ ಪರಿಸರ ಚರವನ್ನು 1ಕ್ಕೆ ಇಟ್ಟರೆ ಪುಟಕ್ಕೊಂದು ಕೋರ್ ಎಂಬಂತೆ ಕೆಲಸ ಸಲೀಸಾಗಿ ಸಾಗುತ್ತದೆ.

ನಿಯಮಗಳಿಂದ ತಿದ್ದುವುದು

ಕನ್ನಡ ಪಠ್ಯದಲ್ಲಿ ಯಂತ್ರ ಮಾಡುವ ತಪ್ಪುಗಳಲ್ಲಿ ಕೆಲವು ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಬರುತ್ತವೆ. ಅವನ್ನು ಕೈಯಿಂದ ತಿದ್ದುವುದು ಕಣ್ಣಿಗೂ ಮನಸ್ಸಿಗೂ ದಣಿವು. ಮೊದಲು ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ಪಠ್ಯವನ್ನು ತರಬೇಕು. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ಇಳಿ ಮತ್ತು ದೀರ್ಘದ ಚಿಹ್ನೆಗಳನ್ನು ಸಾಲಾಗಿ ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಆಗಿ ಕಂಡರೂ ಹುಡುಕುವಾಗ ಒಂದಕ್ಕೊಂದು ಹೊಂದುವುದಿಲ್ಲ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿದೆ.

ಅನಂತರ ಸೊನ್ನೆ. ಅನುಸ್ವಾರವೂ ಕನ್ನಡದ ಸೊನ್ನೆ ಅಂಕಿಯೂ ನೋಡಲು ಒಂದೇ ಆಗಿರುವುದರಿಂದ ‘ಅಂಗಡಿ’ ಎಂಬ ಪದದೊಳಗೆ ಅಂಕಿ ಬಂದು ಕುಳಿತಿರುತ್ತದೆ. ಹಿಂದಿನದು ಅಕ್ಷರವಾಗಿದ್ದರೆ ಅನುಸ್ವಾರ, ಅಂಕಿಯಾಗಿದ್ದರೆ ಸೊನ್ನೆ ಎಂಬ ನಿಯಮ ಬಹುತೇಕ ಎಲ್ಲ ಕಡೆಯೂ ಸಲ್ಲುತ್ತದೆ.

ಅರ್ಕಾವತ್ತಿನದು ಇದಕ್ಕಿಂತ ಸ್ವಾರಸ್ಯಕರವಾದ ಸಮಸ್ಯೆ. ಅರ್ಕಾವತ್ತಿನ ಆಕಾರ ಕನ್ನಡದ ಒಂಬತ್ತನ್ನು ಹೋಲುವುದರಿಂದ ‘ಕಾರ್ಯ’ ಎಂಬುದು ‘ಕಾಯ೯’ ಎಂದೂ ‘ಕೀರ್ತಿ’ ಎಂಬುದು ‘ಕೀತಿ೯’ ಎಂದೂ ಬರಬಹುದು. ಅಂಕಿಯನ್ನು ತೆಗೆದು ಅದೇ ಜಾಗದಲ್ಲಿ ‘ರ್’ ಇಟ್ಟರೆ ಸಾಲದು, ಏಕೆಂದರೆ ಅಚ್ಚಿನಲ್ಲಿ ಅಕ್ಷರದ ಬಲಕ್ಕೆ ಕಾಣುವ ರಕಾರ ಉಚ್ಚಾರದಲ್ಲೂ ಯುನಿಕೋಡ್‌ನಲ್ಲೂ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಆದ್ದರಿಂದ ಒಂಬತ್ತಿನ ಹಿಂದಿರುವ ಪೂರ್ಣ ಅಕ್ಷರವನ್ನು ಹಿಡಿಯುವಂತೆ ಹುಡುಕಾಟದ ವಿನ್ಯಾಸವನ್ನು ಬರೆಯಬೇಕು: ಒಂದು ವ್ಯಂಜನ, ಅದರ ಬೆನ್ನಿಗೆ ಹಲಂತ ಮತ್ತು ವ್ಯಂಜನದ ಜೋಡಿಗಳು ಎಷ್ಟಿದ್ದರೆ ಅಷ್ಟು, ಕೊನೆಯಲ್ಲಿ ಸ್ವರಚಿಹ್ನೆ ಇದ್ದರೆ ಅದು. ಹೀಗೆ ಹಿಡಿದ ಅಕ್ಷರದ ಮುಂಚೆ ‘ರ್’ ಸೇರಿಸಿ ಅಂಕಿಯನ್ನು ಬಿಟ್ಟುಬಿಟ್ಟರೆ ‘ಊಧ್ವ೯’ ಕೂಡ ಸರಿಯಾಗಿ ‘ಊರ್ಧ್ವ’ ಆಗುತ್ತದೆ. ‘ಪುಟ೯’ ಎಂಬಂತೆ ಖಾಲಿಜಾಗವಿಲ್ಲದೆ ನಿಜವಾದ ಅಂಕಿಯೇ ಬಂದಿರುವ ಕಡೆ ಈ ನಿಯಮ ತಪ್ಪು ಮಾಡೀತು. ಹಾಗಾಗಿ ಮಾಡಿದ ಪ್ರತಿ ಬದಲಾವಣೆಯನ್ನೂ ಪುಟಸಂಖ್ಯೆಯೊಂದಿಗೆ ಒಂದು ದಾಖಲೆಗೆ ಬರೆಯಿಸಿ, ಅದನ್ನು ಒಮ್ಮೆ ಓದಿಬಿಡಬೇಕು.

ಪೈಥಾನ್ ಬಳಸುವವರಿಗೆ ಇನ್ನೊಂದು ಮಾತು. ಇಂಥ ಹುಡುಕಾಟಕ್ಕಿರುವ ಅದರ ಆರ್‌ಇ ಮಾಡ್ಯೂಲಿನಲ್ಲಿ ‘ಪದದ ಅಕ್ಷರ’ ಎಂದು ಸೂಚಿಸುವ ಸಂಕೇತವು ನಮ್ಮ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಅಕ್ಷರಗಳೆಂದು ಎಣಿಸುವುದಿಲ್ಲ. ಅದನ್ನು ನಂಬಿ ಪದಗಳನ್ನು ಬಿಡಿಸಿದರೆ ಕನ್ನಡ ಚೂರುಚೂರಾಗುತ್ತದೆ. ಕನ್ನಡ ವಿಭಾಗದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸಂಕೇತಗಳನ್ನೂ, ಅವುಗಳ ಜೊತೆ ಕಣ್ಣಿಗೆ ಕಾಣದ ಜೋಡಕ ಮತ್ತು ಬಿಡಿಸುವ ಸಂಕೇತಗಳೆರಡನ್ನೂ ನಾವೇ ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಪದ್ಯಗಳಲ್ಲಿ ಬರುವ ದಂಡ ಈ ವಿಭಾಗದಲ್ಲಿಲ್ಲ. ಭಾರತದ ಲಿಪಿಗಳು ದೇವನಾಗರಿ ವಿಭಾಗದಲ್ಲಿರುವ ದಂಡವನ್ನೇ ಹಂಚಿಕೊಳ್ಳುತ್ತವೆ.

ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಈ ಹಂತದಲ್ಲಿ ಜೋಡಿಸಬೇಡಿ. ಅಚ್ಚಿನ ಒಂದು ಸಾಲಿಗೆ ಪಠ್ಯದ ಒಂದು ಸಾಲು ಎಂಬ ಹೊಂದಿಕೆ ಇದ್ದರೆ ಚಿತ್ರದೊಡನೆ ಹೋಲಿಸಿ ಓದುವುದು ಸುಲಭ, ಗಿಟ್‌ಗೂ ಅದರಿಂದ ಬಹಳ ಪ್ರಯೋಜನವಿದೆ. ಜೋಡಣೆಯನ್ನು ಪ್ರಕಟಣೆಗೆ ಮುಂಚಿನ ಕೊನೆಯ ಸ್ಕ್ರಿಪ್ಟಿಗೆ ಬಿಟ್ಟುಬಿಡಿ.

ಅನುಮಾನದ ಪದಗಳನ್ನು ಕಣ್ಣಿಗೆ ತರುವುದು

ಟಿಎಸ್‌ವಿ ಕಡತದಲ್ಲಿ ಪ್ರತಿ ಪದಕ್ಕೂ ಒಂದು ಸಾಲು ಇರುತ್ತದೆ. ಏಳರಿಂದ ಹತ್ತರವರೆಗಿನ ಅಂಕಣಗಳಲ್ಲಿ ಪದ ಪುಟದ ಯಾವ ಜಾಗದಲ್ಲಿ, ಎಷ್ಟು ಅಗಲ ಮತ್ತು ಎತ್ತರದಲ್ಲಿದೆ ಎಂಬುದೂ, ಹನ್ನೊಂದನೆಯದರಲ್ಲಿ ಟೆಸರಾಕ್ಟ್‌ಗೆ ತನ್ನ ಓದಿನ ಮೇಲೆ ಇರುವ ಭರವಸೆ 100ಕ್ಕೆ ಎಷ್ಟೆಂಬುದೂ, ಹನ್ನೆರಡನೆಯದರಲ್ಲಿ ಪದವೂ ಇರುತ್ತವೆ. ಭರವಸೆ ಋಣ 1 ಎಂದಿದ್ದರೆ ಅದು ಪದದ ಸಾಲಲ್ಲ, ಬಿಡಬಹುದು. ಭರವಸೆ 70ಕ್ಕಿಂತ ಕಡಿಮೆಯಿರುವ ಪದಗಳನ್ನು ಆರಿಸಿ, ಅವುಗಳ ಅಳತೆಯನ್ನು ಇಮೇಜ್‌ಮ್ಯಾಜಿಕ್‌ಗೆ ಕೊಟ್ಟು ಪುಟದ ಚಿತ್ರದಿಂದ ಆ ಪದವನ್ನಷ್ಟೇ ಕತ್ತರಿಸಿ, ಎಡಕ್ಕೆ ಚಿತ್ರ ಬಲಕ್ಕೆ ಯಂತ್ರ ಓದಿದ್ದು ಎಂಬಂತೆ ಒಂದು ಎಚ್‌ಟಿಎಂಎಲ್ ಕಡತವನ್ನು ಸ್ಕ್ರಿಪ್ಟಿನಿಂದ ಮಾಡಿಸಿ. ಬ್ರೌಸರಿನಲ್ಲಿ ಅದನ್ನು ತೆರೆದು ಮೇಲಿನಿಂದ ಕೆಳಗೆ ಕಣ್ಣಾಡಿಸುವುದು ಪುಟಪುಟವಾಗಿ ಓದುವುದಕ್ಕಿಂತ ಎಷ್ಟೋ ಹಗುರ, ಮತ್ತು ಪುಸ್ತಕದ ಅಚ್ಚಿನಲ್ಲಿ ಯಾವ ಅಕ್ಷರ ಯಾವುದಾಗಿ ಕಾಣುತ್ತಿದೆ ಎಂಬುದು ಬೇಗನೆ ತಿಳಿದು ಹೊಸ ನಿಯಮಗಳು ಹೊಳೆಯುತ್ತವೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಇದಕ್ಕೆ ಪೂರಕವಾಗಿ ಪದಗಳ ಎಣಿಕೆಯನ್ನೂ ಮಾಡಬೇಕು. ಕಾಗುಣಿತ ಪರೀಕ್ಷಕದ ನಿಘಂಟು ಕನ್ನಡದಲ್ಲಿ ಹೆಚ್ಚು ದೂರ ಕೈಹಿಡಿಯುವುದಿಲ್ಲ, ಏಕೆಂದರೆ ‘ಮನೆಯವರೊಂದಿಗೇನಾದರೂ’ ಎಂಬಂತೆ ಪ್ರತ್ಯಯಗಳು ಸೇರಿ ಬೆಳೆದ ಪದಗಳೆಲ್ಲ ಅದರಲ್ಲಿ ಇರುವುದು ಅಸಾಧ್ಯ. ಅದರ ಬದಲು ಪುಸ್ತಕದ ಪದಗಳನ್ನೆಲ್ಲ ಸಾಲಿಗೊಂದರಂತೆ ಬಿಡಿಸಿ, ಸಾರ್ಟ್ ಮತ್ತು ಯೂನಿಕ್ ಆಜ್ಞೆಗಳ ಮೂಲಕ ಹಾಯಿಸಿ ಎಣಿಕೆ ತೆಗೆದರೆ, ಹತ್ತಾರು ಬಾರಿ ಬರುವ ಪದಕ್ಕಿಂತ ಒಂದೇ ಅಕ್ಷರದಲ್ಲಿ ವ್ಯತ್ಯಾಸವಿದ್ದು ಒಂದೇ ಬಾರಿ ಬರುವ ಪದಗಳು ತಾವಾಗಿಯೇ ಅನುಮಾನಕ್ಕೆ ಒಳಗಾಗುತ್ತವೆ. ಈ ಎರಡು ಆಜ್ಞೆಗಳಿಗೆ ಎಲ್‌ಸಿ ಆಲ್ ಎಂಬ ಚರವನ್ನು ಸಿ ಎಂದು ನಿಗದಿಪಡಿಸಿದರೆ ಹೋಲಿಕೆ ಬೈಟ್‌ಗಳ ಮಟ್ಟದಲ್ಲಿ ನಡೆದು, ಭಾಷಾ ವ್ಯವಸ್ಥೆಯ ವ್ಯತ್ಯಾಸಗಳಿಂದ ಎಣಿಕೆ ಕೆಡುವುದಿಲ್ಲ.

ಗಿಟ್ ಮತ್ತು ತಿದ್ದುಪಡಿಗಳ ರಕ್ಷಣೆ

ಗಿಟ್‌ನಲ್ಲಿ ಎರಡು ಕವಲುಗಳನ್ನು, ಅಂದರೆ ಒಂದೇ ಕೆಲಸದ ಬೇರೆಬೇರೆಯಾಗಿ ಬೆಳೆಯುವ ಎರಡು ರೂಪಗಳನ್ನು, ಇಡಿ. ಒಂದರ ಕರಡು ಫೋಲ್ಡರಿಗೆ ಶುದ್ಧ ಫೋಲ್ಡರಿನ ಕಡತಗಳನ್ನು ಹಾಗೆಯೇ ನಕಲು ಮಾಡಿ ದಾಖಲಿಸಿ. ಅಲ್ಲಿ ಯಾರೂ ಕೈಯಿಂದ ತಿದ್ದುವುದಿಲ್ಲ. ಇನ್ನೊಂದು ಕವಲು ಅದರಿಂದ ಹೊರಟು ಮನುಷ್ಯರ ತಿದ್ದುಪಡಿಗಳನ್ನು ಹೊತ್ತಿರುತ್ತದೆ. ನಿಯಮ ಬದಲಾದಾಗ ಅಥವಾ ಹೊಸ ಮಾದರಿಯಿಂದ ಮತ್ತೆ ಓದಿಸಿದಾಗ ಫಲಿತಾಂಶವನ್ನು ಮೊದಲ ಕವಲಿನಲ್ಲಿ ದಾಖಲಿಸಿ, ಎರಡನೆಯದಕ್ಕೆ ವಿಲೀನಗೊಳಿಸಿ. ಯಂತ್ರವಷ್ಟೇ ಬದಲಿಸಿದ ಸಾಲುಗಳು ಹೊಸದಾಗುತ್ತವೆ, ಮನುಷ್ಯರಷ್ಟೇ ತಿದ್ದಿದ ಸಾಲುಗಳು ಉಳಿಯುತ್ತವೆ, ಇಬ್ಬರೂ ಮುಟ್ಟಿ ಬೇರೆಬೇರೆಯಾಗಿ ಬರೆದ ಸಾಲುಗಳನ್ನು ಗಿಟ್ ನಮ್ಮ ಮುಂದಿಟ್ಟು ತೀರ್ಮಾನ ಕೇಳುತ್ತದೆ. ಸಾಲುಗಳನ್ನು ಜೋಡಿಸಬಾರದೆಂದು ಹೇಳಿದ್ದು ಈ ಕಾರಣಕ್ಕೆ: ಒಂದು ಪ್ಯಾರಾ ಒಂದೇ ಉದ್ದ ಸಾಲಾಗಿದ್ದರೆ ಇಬ್ಬರೂ ಎಲ್ಲಿ ಸಣ್ಣದೊಂದು ಬದಲಾವಣೆ ಮಾಡಿದರೂ ಇಡೀ ಪ್ಯಾರಾ ಘರ್ಷಣೆಗೆ ಬೀಳುತ್ತದೆ. ಟೆಸರಾಕ್ಟ್‌ನ ಆವೃತ್ತಿ, ಬಳಸಿದ ಮಾದರಿ, ಮೂಲ ಕಡತ ಬದಲಾಗಿಲ್ಲವೆಂದು ತೋರಿಸುವ ಎಸ್‌ಎಚ್‌ಎ ಮೊತ್ತ ಇವನ್ನೂ ಒಂದು ಚಿಕ್ಕ ಕಡತದಲ್ಲಿ ಬರೆದು ಭಂಡಾರದಲ್ಲಿ ಇಟ್ಟರೆ ಯಾರು ಬೇಕಾದರೂ ಇದೇ ಫಲಿತಾಂಶವನ್ನು ಮತ್ತೆ ಪಡೆಯಬಹುದು.

ಹಂಚಿಕೊಳ್ಳುವುದು

ತಿದ್ದಿದ ಪಠ್ಯವನ್ನು ಮುಕ್ತ ಅಂತರ್ಜಾಲ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಸೇರಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದು ನನ್ನ ಅಭಿಪ್ರಾಯ. ಅಲ್ಲಿ ಪ್ರತಿ ಪುಟದ ಚಿತ್ರವೂ ಪಠ್ಯವೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಒಬ್ಬರು ಕರಡು ತಿದ್ದಿದ ಪುಟ ಹಳದಿಯಾಗುತ್ತದೆ, ಬೇರೊಬ್ಬರು ಪರಿಶೀಲಿಸಿ ಒಪ್ಪಿದ ಮೇಲೆಯೇ ಹಸಿರಾಗುತ್ತದೆ. ಸ್ಕ್ಯಾನ್ ಕಡತವನ್ನು ಮುಕ್ತ ಕಡತಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸುವುದಾದರೆ ಕೃತಿ ಭಾರತದಲ್ಲಷ್ಟೇ ಅಲ್ಲದೆ ಅಮೆರಿಕದಲ್ಲೂ ಸಾರ್ವಜನಿಕ ಸ್ವತ್ತಾಗಿರಬೇಕೆಂಬ ನಿಯಮವನ್ನು ಗಮನಿಸಿ. ಓದುಗರಿಗೆ ಅಚ್ಚಿನ ರೂಪವೇ ಉಳಿದು ಹುಡುಕಾಟವೂ ಬೇಕೆಂದಿದ್ದರೆ ಓಸಿಆರ್‌ಮೈಪಿಡಿಎಫ್ ಎಂಬ ಪೈಥಾನ್ ತಂತ್ರಾಂಶ ಪುಟದ ಚಿತ್ರದ ಹಿಂದೆ ಪಠ್ಯದ ಪದರವನ್ನು ಸೇರಿಸಿ ಹೊಸ ಪಿಡಿಎಫ್ ಮಾಡಿಕೊಡುತ್ತದೆ.

ಕೊನೆಯದಾಗಿ, ಪುಸ್ತಕ ಮುಗಿದಾಗ ನಿಮ್ಮ ಬಳಿ ಸಾಲಿನ ಚಿತ್ರ ಮತ್ತು ಮನುಷ್ಯರು ತಿದ್ದಿದ ಅದೇ ಸಾಲಿನ ಪಠ್ಯದ ಸಾವಿರಾರು ಜೋಡಿಗಳನ್ನು ಮಾಡಿಕೊಳ್ಳುವಷ್ಟು ಸಾಮಗ್ರಿ ಇರುತ್ತದೆ. ಟೆಸರಾಕ್ಟ್‌ನ ಉತ್ಕೃಷ್ಟ ಮಾದರಿಗೆ ಇಂಥ ಜೋಡಿಗಳಿಂದಲೇ ಹೆಚ್ಚುವರಿ ತರಬೇತಿ ಕೊಡಲಾಗುತ್ತದೆ. ವೇಗದ ಮಾದರಿಯಿಂದ ಅದು ಸಾಧ್ಯವಿಲ್ಲ. ಚಿತ್ರಕ್ಕೊಂದು ಕಡತ, ಅದೇ ಹೆಸರಿನ ಪಠ್ಯ ಕಡತ ಎಂಬ ಕ್ರಮದಲ್ಲಿ ಅವನ್ನು ಜೋಡಿಸಿ, ಬಳಸಲು ಅನುಮತಿ ಕೊಡುವ ಮುಕ್ತ ಪರವಾನಗಿಯನ್ನು ಸ್ಪಷ್ಟವಾಗಿ ಬರೆದು ಭಂಡಾರದಲ್ಲಿ ಇಡಿ. ಅದೇ ಕಾಲದ ಅಚ್ಚುಮೊಳೆಯಲ್ಲಿ ಮುದ್ರಿತವಾದ ಇನ್ನೊಂದು ಪುಸ್ತಕವನ್ನು ಕೈಗೆತ್ತಿಕೊಂಡವರಿಗೆ ಅವು ನೇರವಾಗಿ ಉಪಯೋಗಕ್ಕೆ ಬರುತ್ತವೆ.